ಸ್ಟೋರಿನಲ್ಲಿ ಹುಟ್ಟಿದ ಜೊಳ್ಳು

ಹಾಸನದಲ್ಲಿ ನನ್ನದೊಂದು ಸೌಂಡ್ ಮತ್ತು ಲೈಟಿಂಗ್ ಅಂಗಡಿ ಇದೆ. ಮದುವೆ, ಗೃಹಪ್ರವೇಶ, ಕಾಲೇಜ್ ಡೇ ಎಲ್ಲಕ್ಕೂ ಮೈಕು, ಬಾಕ್ಸು ಬಾಡಿಗೆಗೆ ಕೊಡುತ್ತೇವೆ. ಕಳೆದ ತಿಂಗಳು ಹೊಸದಾಗಿ ಕಟ್ಟಿದ ಕಲ್ಯಾಣ ಮಂಟಪವೊಂದರ ಮಾಲೀಕರು ಫೋನ್ ಮಾಡಿ, "ಪುರೋಹಿತರು ಒಂದು ಮಂತ್ರ ಹೇಳಿದ್ರೆ ನಮ್ಮ ಹಾಲ್‌ನಲ್ಲಿ ಮೂರು ಕೇಳುತ್ತೆ ಕಣ್ರೀ, ಏನಾದ್ರೂ ಮಾಡಿ" ಎಂದು ಗೋಳಾಡಿದರು. ವ್ಯಾಪಾರಿಯಾದ ನಾನು ಸದ್ದು ಹೀರುವ ದುಬಾರಿ ಸ್ಪಂಜಿನ ಹಲಗೆಗಳ ಬಗ್ಗೆ ಹೇಳಬೇಕಿತ್ತು. ಅದು ಬಿಟ್ಟು, "ಗೋಡೆ ಸುತ್ತ ಕಾಫಿ ಚೀಲ ಪೇರಿಸಿ, ಸರಿಹೋಗುತ್ತೆ" ಎಂದುಬಿಟ್ಟೆ. ಅವರು ತಮಾಷೆ ಅಂದುಕೊಂಡು ನಕ್ಕರು. ಅದೇ ಸಂಜೆ ಮನೆಗೆ ಹೋಗುವಾಗ ದಾರಿಯಲ್ಲಿ ಕಾಫಿ ಹದಮಾಡುವ ಕ್ಯೂರಿಂಗ್ ಕಾರ್ಖಾನೆಯ ಮುಂದೆ ಲಾರಿಯಿಂದ ಚೀಲ ಇಳಿಸುತ್ತಿದ್ದರು. ಸಿಪ್ಪೆ ಸಮೇತ ಒಣಗಿದ ಚೆರ್ರಿ ಕಾಫಿಯ ಆ ಹುಳಿಸಿಹಿ ಘಾಟು, ಗೋಣಿಯ ಧೂಳು. ಬೈಕ್ ನಿಲ್ಲಿಸಿ, ಹಮಾಲರು ನನ್ನನ್ನು ಅನುಮಾನದಿಂದ ನೋಡುವಷ್ಟು ಹೊತ್ತು ನಿಂತಿದ್ದೆ. ಆ ಘಾಟಿಗೆ ನಮ್ಮ ತೋಟದ ಕಾಫಿ ಸ್ಟೋರು ನೆನಪಾಗಿತ್ತು.

ನಾನು ಸಕಲೇಶಪುರದ ಕಾಲೇಜಿನಲ್ಲಿ ಬಿ.ಕಾಂ. ಕೊನೆಯ ವರ್ಷ ಓದುತ್ತಿದ್ದ ಕಾಲ ಅದು. ನಮ್ಮ ತೋಟ ಇದ್ದದ್ದು ಬಿಸಿಲೆ ಘಾಟಿಗೆ ಹೋಗುವ ರಸ್ತೆಯಲ್ಲಿ, ಬಸ್ಸಿಳಿದು ಒಂದು ದಿಣ್ಣೆ ಹತ್ತಬೇಕು. ಎರಡು ಸಾವಿರದ ಇಸವಿ ದಾಟಿದ ಆ ಮೊದಲ ವರ್ಷಗಳಲ್ಲಿ ಕಾಫಿ ದರ ನೆಲ ಕಚ್ಚಿತ್ತು. ಬೇರೆಯವರು ಸಿಕ್ಕಿದ ದರಕ್ಕೆ ಕೊಟ್ಟು ಕೈ ತೊಳೆದುಕೊಂಡರೆ, ಅಪ್ಪ ಮಾತ್ರ "ಬಿಟ್ಟಿಗೆ ಕೊಡಾಕೆ ನಾನೇನು ಛತ್ರ ನಡೆಸ್ತಿದೀನಾ?" ಎಂದು ಹಟ ಹಿಡಿದು ಕೂತಿದ್ದರು. ಹಾಗಾಗಿ ಹಿಂದಿನ ವರ್ಷದ ಕಾಫಿಯೆಲ್ಲ ಸ್ಟೋರಿನಲ್ಲೇ ಇತ್ತು. ಕಣದ ಪಕ್ಕದ ಆ ಉದ್ದನೆಯ ಹೆಂಚಿನ ಕಟ್ಟಡದ ನಾಲ್ಕೂ ಗೋಡೆಗೆ ಒರಗಿ ಚೀಲಗಳು ತೊಲೆ ಮುಟ್ಟುವಂತೆ ನಿಂತಿದ್ದವು. ನಡುವೆ ಒಂದು ಮಂಚ ಹಾಕುವಷ್ಟು ಜಾಗ ಉಳಿದಿತ್ತು. ನಮ್ಮ ಬ್ಯಾಂಡು ಹುಟ್ಟಿದ್ದು ಆ ಜಾಗದಲ್ಲಿ.

ಹುಟ್ಟಿಗೆ ಕಾರಣ ನಮ್ಮ ಅತ್ತಿಗೆ. ಆ ವರ್ಷದ ಮೇ ತಿಂಗಳಲ್ಲಿ ಅಣ್ಣನ ಮದುವೆಯಾಗಿತ್ತು. ಅತ್ತಿಗೆಯ ಹೆಸರು ಸೌಮ್ಯ, ಹಾಸನದವರು, ಮೈಸೂರಿನ ಹಾಸ್ಟೆಲ್ಲಿನಲ್ಲಿದ್ದು ಓದಿದವರು. ಸೀರೆ, ಪಾತ್ರೆಗಳ ಜೊತೆ ಅವರ ಸಾಮಾನಿನಲ್ಲಿ ಒಂದು ಬಿಸ್ಕತ್ತಿನ ಡಬ್ಬಿ ತುಂಬ ಕ್ಯಾಸೆಟ್ಟು ಬಂದಿದ್ದವು. ಹಾಸ್ಟೆಲ್ಲಿನ ಗೆಳತಿಯೊಬ್ಬಳು ರೆಕಾರ್ಡ್ ಮಾಡಿಕೊಟ್ಟದ್ದಂತೆ. ಒಂದನ್ನು ಕೇಳಿ ನೋಡೋಣ ಎಂದು ಟೇಪಿಗೆ ಹಾಕಿದೆ. ಯಾರೋ ಹುಡುಗರು ಬೆನ್ನಿಗೆ ನಾಯಿ ಬಿದ್ದವರಂತೆ ಓಡೋಡಿ ಹಾಡುತ್ತಿದ್ದರು. ಎರಡೂವರೆ ನಿಮಿಷಕ್ಕೆ ಹಾಡೇ ಮುಗಿದುಹೋಯಿತು. ಗಿಟಾರಿನಲ್ಲಿ ಹಿಡಿಯಲು ಮೂರೋ ನಾಲ್ಕೋ ಕಾರ್ಡು, ಬಾಯಿಪಾಠ ಮಾಡಿದಷ್ಟು ಸಲೀಸು. ಅದಕ್ಕೆ ಪಾಪ್ ಪಂಕ್ ಎನ್ನುತ್ತಾರೆಂದು ಹೇಳಿದ್ದೂ ಅತ್ತಿಗೆಯೇ. "ಸಿಟ್ಟು ಬಂದಿದೆ, ಆದ್ರೂ ಕುಣೀಬೇಕು ಅನ್ಸುತ್ತೆ. ಅಷ್ಟೇ ಕಣೋ ರವಿ" ಎಂದಿದ್ದರು. ಅದಕ್ಕಿಂತ ಚೆನ್ನಾಗಿ ಆ ಸಂಗೀತವನ್ನು ವಿವರಿಸಿದವರನ್ನು ನಾನು ಇದುವರೆಗೆ ಕಂಡಿಲ್ಲ.

ನನ್ನ ಹತ್ತಿರ ಮಂಗಳೂರಿನಿಂದ ತಂದ ಹಳೆಯ ಗಿಟಾರ್ ಇತ್ತು. ಅದನ್ನು ಮೈಕ್ ಸೆಟ್ಟಿನ ಆಂಪ್ಲಿಫೈಯರಿಗೆ ಸಿಗಿಸಿದರೆ ಬಿಸಿಯಾದಷ್ಟೂ ಗೊರಗೊರ ಎನ್ನುತ್ತಿತ್ತು. ನಮಗೆ ಬೇಕಾದದ್ದೂ ಆ ಗೊರಗೊರವೇ. ಡ್ರಮ್ ಬಾರಿಸಲು ಪಾಳ್ಯದ ಲೋಹಿತ ಸಿಕ್ಕಿದ. ಕ್ಲಾಸಿನಲ್ಲಿ ನನ್ನ ಪಕ್ಕವೇ ಕೂರುತ್ತಿದ್ದವನು, ಬೆಂಚಿನ ಮೇಲೆ ಬೆರಳಾಡಿಸಿ ದಿನಕ್ಕೊಮ್ಮೆಯಾದರೂ ಬೈಸಿಕೊಳ್ಳುತ್ತಿದ್ದವನು. ಅವನ ಸೋದರಮಾವ ಮದುವೆ ಮೆರವಣಿಗೆಗೆ ಹೋಗುವ ಬ್ಯಾಂಡ್ ಸೆಟ್ ಇಟ್ಟಿದ್ದರು. ಅಲ್ಲಿ ಮೂಲೆಗೆ ಬಿದ್ದಿದ್ದ ದೊಡ್ಡ ಡ್ರಮ್ಮನ್ನು ಮೊಪೆಡ್ಡಿಗೆ ಕಟ್ಟಿಕೊಂಡು ತಂದ. ಜೀಪಿನ ಹಳೆಯ ಕ್ಲಚ್ ಪೆಡಲಿಗೆ ವೆಲ್ಡಿಂಗ್ ಮಾಡಿಸಿ ಕಾಲಿನಿಂದ ಒದೆಯುವ ಹಾಗೆ ಮಾಡಿಕೊಂಡ. ಬೇಸ್ ಗಿಟಾರಿನವರು ನಮಗೆ ಕೊನೆಯವರೆಗೂ ಸಿಗಲಿಲ್ಲ. ಮುಂದೆ ಕೆಲವರು ಅದನ್ನೇ ನಮ್ಮ ಶೈಲಿ ಎಂದು ಹೊಗಳಿದಾಗ ನಾವು ತಲೆಯಾಡಿಸಿ ಸುಮ್ಮನಾದೆವು.

ಸ್ಟೋರಿನ ಬೀಗದ ಕೈ ಇರುತ್ತಿದ್ದುದು ಅಮ್ಮನ ಸೊಂಟದಲ್ಲಿ. ಅದು ಅವಳ ಅತ್ತೆ ಕೊನೆಗಾಲದಲ್ಲಿ ಕೊಟ್ಟುಹೋದ ಅಧಿಕಾರ. ಅಮ್ಮ ಷರತ್ತು ಹಾಕಿಯೇ ಬಾಗಿಲು ತೆಗೆದಳು. ಚಪ್ಪಲಿ ಹೊರಗೆ ಬಿಡಬೇಕು. ಸೀಮೆಎಣ್ಣೆ ದೀಪ ತರಬಾರದು, ಈರುಳ್ಳಿ ಬೋಂಡಾ ತಿನ್ನಬಾರದು, ಬೀಡಿ ಸಿಗರೇಟಿನ ಮಾತೇ ಇಲ್ಲ. ಕಾಫಿ ಅಂದರೆ ಪಕ್ಕದಲ್ಲಿದ್ದದ್ದರ ವಾಸನೆಯನ್ನೆಲ್ಲ ಕುಡಿದುಬಿಡುತ್ತದೆ. "ನಿಮ್ಮ ಬೆವರಿನ ನಾತ ಹಿಡಿದ್ರೆ ಕೊಳ್ಳಾರು ಯಾರೋ?" ಎಂದು ಲೋಹಿತನಿಗೆ ಕೈಕಾಲು ತೊಳೆಸಿ ಒಳಗೆ ಬಿಡುತ್ತಿದ್ದಳು. ಬರಿಗಾಲಲ್ಲಿ, ಹಣೆಗೆ ನೀರು ಚಿಮುಕಿಸಿಕೊಂಡು ಅಭ್ಯಾಸಕ್ಕೆ ಕೂತ ಪಂಕ್ ಬ್ಯಾಂಡ್ ಜಗತ್ತಿನಲ್ಲಿ ಇನ್ನೊಂದು ಇದ್ದೀತೇ ಎಂದು ನನಗೆ ಸಂಶಯ.

ಹೆಸರು ಇಟ್ಟವರು ಅಪ್ಪ. ಒಂದು ದಿನ ಇಲಿ ಚೀಲ ಕಡಿದಿದೆಯೇ ನೋಡಲು ಬಂದವರು ನಾನು ಹಾಡುವುದನ್ನು ಪೂರ್ತಿ ಒಂದು ಹಾಡಿನಷ್ಟು ಹೊತ್ತು ಕೇಳಿದರು. ತೊಟ್ಟಿಯ ನೀರಿಗೆ ಹಣ್ಣು ಸುರಿದರೆ ಒಳಗೆ ಬೀಜವಿಲ್ಲದ್ದು ಮೇಲೆ ತೇಲುತ್ತದಲ್ಲ, ಅದಕ್ಕೆ ಜೊಳ್ಳು ಎನ್ನುತ್ತೇವೆ. "ಜೊಳ್ಳು ಕಣ್ರೋ ನೀವಿಬ್ರೂ" ಎಂದು ಹೇಳಿ ಅಪ್ಪ ಹೊರಟುಹೋದರು. ಲೋಹಿತ ಸೀಮೆಸುಣ್ಣ ಹುಡುಕಿ ದೊಡ್ಡ ಡ್ರಮ್ಮಿನ ಮೇಲೆ ಜೊಳ್ಳು ಎಂದು ಬರೆದೇಬಿಟ್ಟ.

ಡಿಸೆಂಬರಿನಲ್ಲಿ ಕಾಫಿ ಕುಯ್ಲು ಶುರುವಾಯಿತು. ಮನೆ ತುಂಬ ಜನ. ಆಳುಗಳ ಸಾಲುಮನೆಯಾದ ಲೈನಿನಿಂದ ಬರುವವರು, ತೋಟದ ಲೆಕ್ಕ ಬರೆಯುವ ರೈಟರು, ಗೊಬ್ಬರದ ಅಂಗಡಿಯವರು, ದಾರಿಯಲ್ಲಿ ಹೋಗುವ ನೆಂಟರು. ಬಂದವರಿಗೆಲ್ಲ ಕಾಫಿ. ಅತ್ತಿಗೆ ಬೆಳಗಿನಿಂದ ಒಲೆಯ ಮುಂದೆಯೇ ಇರುತ್ತಿದ್ದರು. ಅವರನ್ನು ಯಾರೂ ಬೈಯುತ್ತಿರಲಿಲ್ಲ, ಹಂಗಿಸುತ್ತಲೂ ಇರಲಿಲ್ಲ. ಅಣ್ಣ ಒಳ್ಳೆಯವನು, ಮಾತು ಕಡಿಮೆ, ಕತ್ತಲಾಗುವವರೆಗೆ ತೋಟದಲ್ಲಿ. ಆದರೆ ಅತ್ತಿಗೆಯ ದನಿ ದಿನದಿಂದ ದಿನಕ್ಕೆ ಮೆಲ್ಲಗಾಗುತ್ತಿತ್ತು. ಮೇ ತಿಂಗಳಲ್ಲಿ ಕೇಳುತ್ತಿದ್ದ ಆ ನಗು ಡಿಸೆಂಬರಿಗೆ ಎಲ್ಲಿ ಹೋಯಿತೋ ತಿಳಿಯದು.

ಒಂದು ಸಂಜೆ ಅಮ್ಮ ಅವರ ಕೈಯಲ್ಲೇ ನಮಗೆ ಕಾಫಿ ಕಳಿಸಿದಳು. ಅತ್ತಿಗೆ ಚಪ್ಪಲಿ ಬಿಟ್ಟು ಒಳಗೆ ಬಂದು, ಲೋಟಗಳನ್ನು ಹಿಡಿದು ನಿಂತುಕೊಂಡೇ ನನ್ನ ಹಾಡು ಕೇಳಿದರು.

"ನೀನು ಹಾಡ್ತಾ ಇದೀಯೋ, ಕ್ಷಮೆ ಕೇಳ್ತಾ ಇದೀಯೋ?" ಎಂದರು.

ಲೋಹಿತ ಗಹಗಹಿಸಿ ನಕ್ಕ. ನನಗೆ ಮೈಯೆಲ್ಲ ಉರಿದು, "ಹಾಗಾದ್ರೆ ನೀವೇ ಹಾಡಿ ಅತ್ತಿಗೆ" ಎಂದೆ. ಅವರು ಲೋಟಗಳನ್ನು ಚೀಲದ ಮೇಲಿಟ್ಟರು, ಸೆರಗು ಸೊಂಟಕ್ಕೆ ಸಿಕ್ಕಿಸಿದರು, ಬಾಗಿಲು ಹಾಕಿಬಂದರು. ಆ ಚೀಲಗಳ ನಡುವೆ ದನಿ ನಿಲ್ಲುತ್ತಿರಲಿಲ್ಲ. ಎಷ್ಟು ಕೂಗಿದರೂ ಗೋಣಿ ನುಂಗಿಬಿಡುತ್ತಿತ್ತು. ಮೊದಲ ಸಾಲು ಅವರಿಗೇ ಕೇಳಿಸಲಿಲ್ಲವೇನೋ, ಎರಡನೆಯದನ್ನು ಇನ್ನೂ ಜೋರಾಗಿ ಎತ್ತಿಕೊಂಡರು. ಮೂರನೆಯದಕ್ಕೆ ಕತ್ತಿನ ನರ ಉಬ್ಬಿ ಬಂತು. ಹಾಡು ಮುಗಿದಾಗ ಅವರ ಕಣ್ಣಲ್ಲಿ ನೀರಿತ್ತು, ಮುಖದ ತುಂಬ ನಗೆಯಿತ್ತು. "ಈ ಮನೆಗೆ ಬಂದ್ಮೇಲೆ ಜೋರಾಗಿ ಬಾಯಿ ಬಿಟ್ಟಿದ್ದೇ ಇವತ್ತು ಕಣೋ" ಎಂದರು. ನಮ್ಮ ಕಾಫಿ ಆರಿ ತಣ್ಣಗಾಗಿತ್ತು. ಅದನ್ನು ನೋಡಿ ಅವರೇ ಇನ್ನಷ್ಟು ನಕ್ಕರು.

ಮಾರನೆಯ ದಿನವೇ ಒಂದು ಹಾಡು ಕಟ್ಟಿಕೊಂಡು ಬಂದರು.

ಅವರು ಬಂದ್ರು, ಕಾಫಿ ಇಡು
ಇವರು ಹೊರಟ್ರು, ಕಾಫಿ ಇಡು
ಮಳೆ ಬಂತು, ಕಾಫಿ ಇಡು
ಬಿಸಿಲು ಬಂತು, ಕಾಫಿ ಇಡು
ನನ್ನ ಲೋಟ, ನನ್ನ ಲೋಟ
ಯಾರು ಕೇಳ್ತೀರಿ ನನ್ನ ಲೋಟ?
ಆರೋಯ್ತು! ಆರೋಯ್ತು! ಆರೋಯ್ತು!

ಕೊನೆಯ ಸಾಲಿಗೆ ಮೂವರೂ ಸೇರಿ ಅರಚುವುದು. ಇವತ್ತಿಗೂ ಹೇಳುತ್ತೇನೆ, ನಾನು ನುಡಿಸಿದ ಹಾಡುಗಳಲ್ಲೆಲ್ಲ ಅಂಥ ಇನ್ನೊಂದು ಹಾಡು ಸಿಕ್ಕಿಲ್ಲ.

ಅಂದಿನಿಂದ ಸಂಜೆಯ ಒಂದು ಗಂಟೆ ಅತ್ತಿಗೆಯದಾಯಿತು. ಕಾಫಿ ಕೊಡುವ ನೆಪದಲ್ಲಿ ಬರುತ್ತಿದ್ದರು, ಹಾಡಿ ಬೆವರೊರೆಸಿಕೊಂಡು ಹೋಗುತ್ತಿದ್ದರು. ಅಮ್ಮನಿಗೆ ಏನೂ ತಿಳಿದಿರಲಿಲ್ಲ. ತಿಳಿಯುವುದಾದರೂ ಹೇಗೆ? ಸ್ಟೋರಿನ ಹೊರಗೆ ನಿಂತರೆ ಎಲ್ಲೋ ದೂರದಲ್ಲಿ ಅಕ್ಕಿ ಗಿರಣಿ ಓಡಿದ ಹಾಗಷ್ಟೇ ಕೇಳಿಸುತ್ತಿತ್ತು. "ಪಾಪ, ಹುಡುಗ್ರು ಏನೋ ಗುನುಗ್ತಾ ಕೂತಿರ್ತವೆ" ಎಂದು ಅಮ್ಮ ಆಳುಗಳ ಮುಂದೆ ಹೇಳಿದ್ದನ್ನು ನಾನೇ ಕೇಳಿದ್ದೇನೆ.

ಜನವರಿಯಲ್ಲಿ ಪಾಳ್ಯದ ಯುವಕರ ಸಂಘದವರು ಲೋಹಿತನ ಒತ್ತಾಯಕ್ಕೆ ನಮಗೊಂದು ಅವಕಾಶ ಕೊಟ್ಟರು. ಅತ್ತಿಗೆ ಬರುವಂತಿರಲಿಲ್ಲ, ನಾನೇ ಹಾಡಿದೆ. ನಮ್ಮನ್ನು ಆರ್ಕೆಸ್ಟ್ರಾ ಎಂದುಕೊಂಡಿದ್ದ ಜನ ಒಂದೇ ಸಮನೆ ಸಿನಿಮಾ ಹಾಡಿಗೆ ಬೇಡಿಕೆ ಇಟ್ಟರು. ಎರಡನೆಯ ಹಾಡಿನ ನಡುವೆ ಸಂಘದ ಅಧ್ಯಕ್ಷರು ವೇದಿಕೆಗೆ ಬಂದು, ನನ್ನ ಮುಂದಿದ್ದ ಮೈಕನ್ನು ಮೆಲ್ಲಗೆ ಬಿಡಿಸಿಕೊಂಡು, ಯಾರದೋ ಎಮ್ಮೆ ಹಗ್ಗ ಕಿತ್ತುಕೊಂಡು ಹೋಗಿದೆ, ಕಂಡವರು ತಿಳಿಸಬೇಕು ಎಂದು ಪ್ರಕಟಿಸಿದರು. ಅವತ್ತು ಚಪ್ಪಾಳೆ ಬಿದ್ದದ್ದು ಆ ಪ್ರಕಟಣೆಗೆ ಮಾತ್ರ.

"ಸೌಮ್ಯಕ್ಕ ಹಾಡಿದ್ರೆ ಬ್ಯಾಂಡು. ಇಲ್ಲಾಂದ್ರೆ ನಾನು ನಮ್ಮ ಮಾವನ ಜೊತೆ ಮೆರವಣಿಗೆಗೇ ಹೋಯ್ತೀನಿ ಮಾರಾಯ" ಎಂದು ಲೋಹಿತ ಖಡಾಖಂಡಿತ ಹೇಳಿದ. ಅಷ್ಟರಲ್ಲಿ ಇನ್ನೊಂದು ಕರೆ ಬಂತು. ಏಪ್ರಿಲ್‌ನಲ್ಲಿ ಸಕಲೇಶಪುರದ ಕಲ್ಯಾಣ ಮಂಟಪದಲ್ಲಿ ಸುತ್ತಲಿನ ಬೆಳೆಗಾರರೆಲ್ಲ ಮನೆಮಂದಿಯೊಂದಿಗೆ ಸೇರುವ ಕೂಟ, ಸಂಜೆ ಮನರಂಜನೆಗೆ ಜೊಳ್ಳು. ಅತ್ತಿಗೆ ಉಗುರು ಕಚ್ಚುತ್ತ ಬಹಳ ಹೊತ್ತು ಯೋಚಿಸಿ, "ಹಾಡ್ತೀನಿ. ಆದ್ರೆ ಅತ್ತೆಗೆ ನಾನೇ ಹೇಳ್ಬೇಕು, ನೀವ್ಯಾರೂ ಬಾಯಿ ಬಿಡಬೇಡಿ" ಎಂದರು. ನಾಳೆ ಹೇಳುತ್ತೇನೆ, ನಾಡಿದ್ದು ಹೇಳುತ್ತೇನೆ ಎನ್ನುತ್ತಲೇ ಫೆಬ್ರವರಿ ಕಳೆಯಿತು. ಅಮ್ಮ ಬೇಡ ಎಂದರೆ ವೇದಿಕೆ ಮಾತ್ರವಲ್ಲ, ಸ್ಟೋರಿನ ಆ ಒಂದು ಗಂಟೆಯೂ ಹೋಗುತ್ತದೆ ಎಂಬ ಭಯ ಅವರಿಗೆ. ಆ ಒಂದು ಗಂಟೆ ಹೋದರೆ ಅತ್ತಿಗೆ ಮತ್ತೆ ಆ ಮೆಲುದನಿಯ ಸೊಸೆಯಾಗಿ ಉಳಿದುಬಿಡುತ್ತಾರೆ ಎಂಬ ಭಯ ನನಗೆ.

ಮಾರ್ಚ್‌ನಲ್ಲಿ ದರ ಒಂಚೂರು ತಲೆಯೆತ್ತಿತು. ಅಪ್ಪ ಹಟ ಸಡಿಲಿಸಿದರು. ಒಂದು ಬೆಳಿಗ್ಗೆ ಲಾರಿಗಳು ದಿಣ್ಣೆ ಹತ್ತಿ ಬಂದವು. ನಾನೂ ಲೋಹಿತನೂ ಕಾಲೇಜಿನಿಂದ ಬರುವ ಹೊತ್ತಿಗೆ ಕೊನೆಯ ಲಾರಿಯೊಂದೇ ಅಂಗಳದಲ್ಲಿ ನಿಂತಿತ್ತು. ಸ್ಟೋರು ಗುಡಿಸಿಟ್ಟ ಶಾಲೆಯ ಹಾಗೆ ಖಾಲಿ. ನಮಗೆ ಖುಷಿಯೋ ಖುಷಿ. ಇನ್ನು ಮೊಣಕೈ ತಾಗಿಸಿಕೊಳ್ಳದೆ ನುಡಿಸಬಹುದು! ಅತ್ತಿಗೆಯೂ ಓಡಿ ಬಂದರು. ಬಾಗಿಲು ಹಾಕಿದೆವು, ದಿನದಂತೆ ಆ ಕಾಫಿ ಹಾಡನ್ನೇ ಶುರುಮಾಡಿದೆವು. ಚೀಲಗಳಿಗೆ ಕೂಗಿ ಕೂಗಿ ಹುರಿಗೊಂಡಿದ್ದ ಅತ್ತಿಗೆಯ ಗಂಟಲು ಅವತ್ತೂ ಅಷ್ಟೇ ಜೋರಾಗಿ ತೆರೆದುಕೊಂಡಿತು. ಬರಿಗೋಡೆಗೆ ಬಡಿದ ಸದ್ದು ನಮ್ಮ ಕಿವಿಗೇ ವಾಪಸು ಬಂದು ಗುಂಯ್‌ಗುಡುತ್ತಿತ್ತು. ಎಂಥ ಪವರ್ ಎಂದು ನಾವು ಮೂವರೂ ಬೀಗಿದೆವೇ ಹೊರತು, ಇಷ್ಟು ದಿನ ಆ ಸದ್ದನ್ನೆಲ್ಲ ಹಿಡಿದಿಟ್ಟುಕೊಂಡಿದ್ದು ಏನು ಎಂದು ಒಬ್ಬರಿಗೂ ಹೊಳೆಯಲಿಲ್ಲ.

ಮುಗಿಸಿ ಬಾಗಿಲು ತೆಗೆದೆವು. ಕಣದಲ್ಲಿ ಕಾಫಿ ಹರವುತ್ತಿದ್ದ ಹೆಂಗಸರು ಕೆಲಸ ನಿಲ್ಲಿಸಿ ನಮ್ಮ ಕಡೆಗೇ ನೋಡುತ್ತಿದ್ದರು. ಲಾರಿಯ ಮೇಲಿದ್ದ ಹಮಾಲರು ಬಾಯಿ ತೆರೆದು ನಿಂತಿದ್ದರು. ಜಗಲಿಯಲ್ಲಿ ಅಪ್ಪ, ಕಾಫಿ ಕೊಳ್ಳಲು ಬಂದ ಸಾಹುಕಾರರು, ಅವರ ಜೊತೆಗೆ ಬಂದ ಇನ್ನಿಬ್ಬರು. ಅವರ ಮುಂದೆ ಅಮ್ಮ ನಿಂತಿದ್ದಳು, ಕೈಯಲ್ಲಿ ತಟ್ಟೆ, ತಟ್ಟೆಯ ತುಂಬ ಕಾಫಿ ಲೋಟ. ಹಾಡು ಶುರುವಾದಾಗ ಹೇಗೆ ನಿಂತಿದ್ದಳೋ ಹಾಗೇ ನಿಂತಿದ್ದಳಂತೆ. ಯಾರೂ ಲೋಟ ಮುಟ್ಟಿರಲಿಲ್ಲ.

"ಆರೋಯ್ತು ಅಂತ ಕಾಣ್ತದೆ. ಬಿಸಿ ಮಾಡ್ಕಂಡು ಬತ್ತೀನಿ" ಎಂದಷ್ಟೇ ಹೇಳಿ ಅಮ್ಮ ಒಳಗೆ ಹೋದಳು.

ಆಮೇಲಿನ ಕೆಲವು ದಿನಗಳು ಬಲು ಕಷ್ಟದವು. ಅಮ್ಮ ಬೈಯಲಿಲ್ಲ, ಬೈದಿದ್ದರೆ ಎಷ್ಟೋ ವಾಸಿಯಿತ್ತು. ಬೇಕಾದಷ್ಟೇ ಮಾತು. ಅತ್ತಿಗೆ ಸ್ಟೋರಿನ ಕಡೆ ತಲೆ ಹಾಕಲಿಲ್ಲ. "ನಂಗೆ ಬೇಡ ಕಣೋ. ಅಷ್ಟು ಜನರ ಮುಂದೆ ಅತ್ತೆ ಮರ್ಯಾದೆ ತೆಗೆದೆ. ಅವರು ನಂಗೇನು ಕಷ್ಟ ಕೊಟ್ಟಿದ್ರು?" ಎಂದು ನನ್ನ ಹತ್ತಿರ ಕಣ್ಣೊರೆಸಿಕೊಂಡರು. ಅಣ್ಣ ಇಬ್ಬರ ಮುಖವನ್ನೂ ನೋಡಿ ನೋಡಿ ಮತ್ತೆ ತೋಟಕ್ಕೇ ಹೋಗುತ್ತಿದ್ದ.

ಒಂದು ಮಧ್ಯಾಹ್ನ ಅತ್ತೆ ಸೊಸೆ ಕಣದ ಮೂಲೆಯಲ್ಲಿ ಕೂತು, ಒಣಗಿದ ಕಾಫಿಯಲ್ಲಿ ಕಲ್ಲುಕಡ್ಡಿ ಆರಿಸುತ್ತಿದ್ದರು. ನಾನು ಪರೀಕ್ಷೆಗೆಂದು ಜಗಲಿಯಲ್ಲಿ ಪುಸ್ತಕ ಹಿಡಿದು ಕೂತಿದ್ದೆ. ಅಮ್ಮ ತಲೆಯೆತ್ತದೆ ಕೇಳಿದಳು.

"ಆ ಹಾಡು ಕೊನೀಗೆ ಏನಾಯ್ತದೆ? ಲಾರಿ ಸ್ಟಾರ್ಟ್ ಮಾಡ್ಬುಟ್ಟ, ಕೇಳಿಸ್ಲೇ ಇಲ್ಲ."

ಅತ್ತಿಗೆಯ ಕೈ ನಿಂತಿತು. "ಕೊನೆಗೂ ಅಷ್ಟೇ ಅತ್ತೆ. ಅವಳ ಲೋಟ ಆರಿಹೋಗುತ್ತೆ."

"ಅಷ್ಟೇನಾ?" ಅಮ್ಮ ಒಂದು ಕಲ್ಲು ಹೆಕ್ಕಿ ಎಸೆದಳು. "ನಿಂಗೆ ಲೋಟನಾದ್ರೂ ಐತೆ ಕಣವ್ವಾ. ನಮ್ಮತ್ತೆ ಕಾಲದಾಗೆ ನಂಗೆ ಲೋಟಾನೇ ಇರ್ಲಿಲ್ಲ. ಎಲ್ರುದೂ ಆದ್ಮೇಲೆ ಗಸಿಗೇ ನೀರು ಹುಯ್ಕಂಡು, ಹಿತ್ಲು ಬಾಗಿಲಲ್ಲಿ ನಿಂತ್ಕಂಡು ಕುಡೀತಿದ್ದೆ. ಬೆಲ್ಲ ಹಾಕ್ಕಂಡ್ರೆ ಡಬ್ಬಿ ಸದ್ದಾಯ್ತದೆ ಅಂತ ಬೆಲ್ಲನೂ ಇಲ್ಲ. ಇಷ್ಟು ಕಾಫಿ ಬೆಳೆಯೋ ಮನೇಲಿ!"

ಅಮ್ಮ ಮತ್ತೆ ಕಲ್ಲು ಆರಿಸತೊಡಗಿದಳು. ನನ್ನ ತಾಯಿಯ ಬಾಯಲ್ಲಿ ನಾನು ಆ ಸಂಗತಿ ಕೇಳಿದ್ದು ಅದೇ ಮೊದಲು. ಇಪ್ಪತ್ತು ವರ್ಷ ಅವಳ ಕೈಯ ಕಾಫಿ ಕುಡಿದಿದ್ದೆ, ಅವಳು ಕುಡಿದಳೇ ಎಂದು ಒಮ್ಮೆಯೂ ನೋಡಿರಲಿಲ್ಲ. ಪುಸ್ತಕದ ಅಕ್ಷರಗಳೆಲ್ಲ ಮಸುಕಾದವು. ಸಂಜೆ ಸೊಂಟದಿಂದ ಬೀಗದ ಕೈ ಬಿಚ್ಚಿ ಅಮ್ಮ ಅದನ್ನು ನನ್ನ ಕೈಗೆ ಕೊಡಲಿಲ್ಲ, ಅತ್ತಿಗೆಯ ಕೈಗೆ ಕೊಟ್ಟಳು. "ಹೋಗಿ ಹಾಡ್ಕಳಿ. ಕಾಫಿ ನಾನು ಇಡ್ತೀನಿ. ಆದ್ರೆ ಪ್ಯಾಟೆಗೆ ನಾನು ಬರಾಕಿಲ್ಲ, ನಂಗೆ ನಾಚ್ಕೆಯಾಯ್ತದೆ."

ಎರಡನೆಯ ಚರಣ ಹುಟ್ಟಿದ್ದು ಆ ಸಂಜೆ.

ಅತ್ತೆ ಕಾಲ್ದಾಗ್ ಲೋಟಾನೇ ಇಲ್ಲ
ಗಸಿಗೆ ನೀರು, ಬೆಲ್ಲಾನೂ ಇಲ್ಲ
ಹಿತ್ಲು ಬಾಗ್ಲು, ನಿಂತ್ಕಂಡು ಕುಡಿ
ಕರೀತಾರೆ, ಬೇಗ ಕುಡಿ

ಖಾಲಿ ಸ್ಟೋರಿನಿಂದ ಅದು ಕಣಕ್ಕೆ, ಲೈನಿಗೆ, ಅಡುಗೆಮನೆಗೆ ದಿನವೂ ಕೇಳುತ್ತಿತ್ತು. ಸ್ವಲ್ಪ ದಿನಕ್ಕೆ ಕಾಫಿ ಹರವುವ ಹೆಂಗಸರು ತಾವೇ "ಆರೋಯ್ತು" ಎಂದು ದನಿಗೂಡಿಸತೊಡಗಿದರು. ಅಪ್ಪನಂತೂ ನೀರು ಕೇಳುವುದಕ್ಕೂ ಹೆದರಿ ಹಂಡೆಯಿಂದ ತಾವೇ ಮೊಗೆದುಕೊಳ್ಳುತ್ತಿದ್ದರು. ಆ ನಡುವೆ ಹೂಮಳೆ ಬಂದು ಕಾಫಿ ಗಿಡಗಳೆಲ್ಲ ಹೂಬಿಟ್ಟು ಬೆಳ್ಳಗಾದವು. ನಾವು ಬಾಗಿಲು ತೆರೆದಿಟ್ಟೇ ಅಭ್ಯಾಸ ಮಾಡಿದೆವು.

ಮುಂದೆ ನಾಲ್ಕಾರು ವರ್ಷ ಆಲೂರು, ಹಾಸನ, ಚಿಕ್ಕಮಗಳೂರು ಎಂದು ಕರೆದಲ್ಲಿಗೆಲ್ಲ ಹೋಗಿ ನುಡಿಸಿದೆವು. ಒಂದು ಸಿ.ಡಿ.ಯನ್ನೂ ಮಾಡಿದೆವು, ನೆಂಟರು ಕೊಂಡರು. ಆದರೆ ಜೊಳ್ಳು ಎಂದರೆ ನನ್ನ ಮಟ್ಟಿಗೆ ಏಪ್ರಿಲ್ ತಿಂಗಳ ಆ ಸಂಜೆಯೇ.

ಮಂಟಪ ತುಂಬಿತ್ತು. ಬಲಕ್ಕೆ ಗಂಡಸರು, ಎಡಕ್ಕೆ ರೇಷ್ಮೆ ಸೀರೆಯ ಹೆಂಗಸರು. ಅತ್ತಿಗೆ ಹತ್ತಿ ಸೀರೆ ಉಟ್ಟು, ಸೆರಗು ಸಿಕ್ಕಿಸಿ, ಬರಿಗಾಲಲ್ಲಿ ಮೈಕಿನ ಮುಂದೆ ನಿಂತರು. ಅಭ್ಯಾಸ ಬಲ, ನಮಗೆ ಚಪ್ಪಲಿ ಹಾಕಿದರೆ ತಾಳವೇ ತಪ್ಪುತ್ತಿತ್ತು. ನಾನು ಗಿಟಾರಿನ ವೈರು ಸಿಗಿಸಿ ತಲೆಯೆತ್ತಿದಾಗ ಹೆಂಗಸರ ಸಾಲಿನ ತುದಿಯಲ್ಲಿ ಅಮ್ಮ ಕಂಡಳು. ಬರುವುದಿಲ್ಲ ಎಂದವಳು ಅಣ್ಣನ ಜೀಪಿನಲ್ಲಿ ಬಂದಿದ್ದಳು. ನನ್ನ ಕಣ್ಣು ತಾಗಿದ್ದೇ ಮುಖ ಆಚೆ ತಿರುಗಿಸಿದಳು.

ಮೊದಲ ಚರಣ ಮುಗಿಯುವುದಕ್ಕೂ ಹೊರಗೆ ಗುಡುಗುವುದಕ್ಕೂ ಸರಿಹೋಯಿತು. ಕರೆಂಟ್ ಹೋಯಿತು. ನನ್ನ ಗಿಟಾರ್ ಸತ್ತಿತು, ಮೈಕ್ ಸತ್ತಿತು, ಕಣ್ಣಿಗೆ ಕೈ ಕಾಣದಷ್ಟು ಕತ್ತಲು. ಲೋಹಿತ ಮಾತ್ರ ನಿಲ್ಲಿಸಲಿಲ್ಲ. ಅತ್ತಿಗೆಯೂ ನಿಲ್ಲಿಸಲಿಲ್ಲ. ಚೀಲಗಳಿಗೆ ಕೂಗಿ ಪಳಗಿದ ಆ ಗಂಟಲಿಗೆ ಮೈಕ್ ಯಾಕೆ ಬೇಕು? ಎರಡನೆಯ ಚರಣದ ಮೊದಲ ಸಾಲು ಮಂಟಪದ ಕೊನೆಯ ಕಂಬದವರೆಗೂ ಹೋಯಿತು. ಮುಂದಿನ ಸಾಲಿಗೆ ಉಸಿರೆಳೆದುಕೊಳ್ಳಲು ಅವರು ಒಂದು ಕ್ಷಣ ನಿಂತರು.

ಆ ಕ್ಷಣದಲ್ಲಿ ಎಡಗಡೆಯಿಂದ ಇನ್ನೊಂದು ದನಿ ಆ ಸಾಲನ್ನು ಎತ್ತಿಕೊಂಡಿತು. ಗಸಿಗೆ ನೀರು, ಬೆಲ್ಲಾನೂ ಇಲ್ಲ. ಸಣ್ಣ ದನಿ, ಶ್ರುತಿ ಅಷ್ಟಕ್ಕಷ್ಟೇ, ಆದರೆ ತಾಳ ಒಂದಿಷ್ಟೂ ತಪ್ಪಿರಲಿಲ್ಲ. ನನ್ನನ್ನು ಊಟಕ್ಕೆ ಕೂಗುತ್ತಿದ್ದ, ದನಗಳನ್ನು ಕೊಟ್ಟಿಗೆಗೆ ಕರೆಯುತ್ತಿದ್ದ ದನಿ. ಅತ್ತಿಗೆ ಮತ್ತೆ ಬಾಯಿ ಬಿಡಲಿಲ್ಲ, ಬೇಕೆಂದೇ ಬಿಡಲಿಲ್ಲ. ಲೋಹಿತ ಕೋಲಿನ ತುದಿಯಲ್ಲಿ ಡ್ರಮ್ಮಿನ ಅಂಚನ್ನು ಮಾತ್ರ ತಟ್ಟುತ್ತ ಕೂತ. ಅಮ್ಮ ಆ ಕತ್ತಲಲ್ಲಿ, ಇಡೀ ಸೀಮೆಯ ಜನರ ನಡುವೆ, ಹಿತ್ತಲ ಬಾಗಿಲಲ್ಲಿ ನಿಂತು ಕುಡಿದ ಅಷ್ಟು ವರ್ಷದ ಕಾಫಿಯನ್ನು ಪೂರ್ತಿ ಹಾಡಿದಳು. ಕೊನೆಗೆ ಎಡಗಡೆಯ ಅಷ್ಟೂ ಹೆಂಗಸರು "ಆರೋಯ್ತು" ಎಂದು ಕೂಗಿದಾಗ ಮಂಟಪದ ತಗಡು ಅದುರಿತು. ನಾನು ಸತ್ತ ಗಿಟಾರನ್ನು ತಬ್ಬಿಕೊಂಡು ಅಳುತ್ತಿದ್ದೆ.

ಯಾರೋ ಜನರೇಟರ್ ಹಾಕಿದರು. ದೀಪ ಹೊತ್ತಿಕೊಂಡಾಗ ಅಮ್ಮ ಸೆರಗು ಹೊದ್ದು, ಕೈ ಕಟ್ಟಿ, ಏನೂ ಆಗದವಳಂತೆ ಗೋಡೆ ನೋಡುತ್ತ ಕೂತಿದ್ದಳು. ಅಕ್ಕಪಕ್ಕದವರು ಯಾರು ಹಾಡಿದ್ದು ಎಂದು ಕತ್ತು ಹೊರಳಿಸಿ ಹುಡುಕುತ್ತಿದ್ದರು. ಅತ್ತಿಗೆ ವೇದಿಕೆಯ ಅಂಚಿಗೆ ಬಂದು, ಮೈಕಿನಲ್ಲಿ, ಎಲ್ಲರಿಗೂ ಕೇಳುವ ಹಾಗೆ ಕರೆದರು.

"ಅತ್ತೆ, ಇನ್ನೊಂದ್ಸಲ?"

ಮಂಟಪವೆಲ್ಲ ಎಡಕ್ಕೆ ತಿರುಗಿತು. ಅಮ್ಮ ಸೆರಗು ಸರಿಮಾಡಿಕೊಂಡಳು. ಆಮೇಲೆ ಎದ್ದು ನಿಂತಳು.

"ಮೊದ್ಲು ಆ ಲೈಟ್ ಆರ್ಸಾಕೆ ಹೇಳು. ಆಮ್ಯಾಕೆ ನೋಡಾನ."

ಅಣ್ಣ ಆಗಲೇ ಸ್ವಿಚ್ಚಿನ ಕಡೆ ಓಡುತ್ತಿದ್ದ.